ಅಲ್ಪಸಂಖ್ಯಾತ ಪ್ರಮಾಣಪತ್ರ ಉಂಟು, ಕಥೋಲಿಕ ಗುರುತು ಎಲ್ಲುಂಟು? ನಮ್ಮ ಕಾಲೇಜುಗಳ ಬಗ್ಗೆ ಚರ್ಚೆ

ನೇತ್ರಾವತಿ_ದಡ

ನೇರ ವಿಷಯಕ್ಕೆ ಬರ್ತೇನೆ. ನಮ್ಮ ರಾಜ್ಯದಲ್ಲಿ ಹಳೆಯ ಕಥೋಲಿಕ ಕಾಲೇಜುಗಳಿಗೆ ಬರವಿಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ 1880ರದ್ದು, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರದ್ದು, ಸೇಂಟ್ ಆಗ್ನೆಸ್ 1921, ಮೈಸೂರಿನ ಸೇಂಟ್ ಫಿಲೋಮಿನಾ 1946, ಮೌಂಟ್ ಕಾರ್ಮೆಲ್ 1948, ಕ್ರೈಸ್ಟ್ 1969. ಇವುಗಳಲ್ಲಿ ಮೂರು ಈಗ ವಿಶ್ವವಿದ್ಯಾಲಯಗಳೇ ಆಗಿವೆ: ಕ್ರೈಸ್ಟ್ 2008ರಲ್ಲಿ, ಜೋಸೆಫ್ಸ್ 2022ರಲ್ಲಿ, ಅಲೋಶಿಯಸ್ 2024ರಲ್ಲಿ. ಸೀಟಿಗೆ ನೂಕುನುಗ್ಗಲು ಉಂಟು, ಹೆಸರು ಉಂಟು.

ಆದರೆ ಒಳಗೆ ನೋಡಿದರೆ ತರಗತಿಯಲ್ಲಿ ಪಾಠ ಮಾಡುವ ಫಾದರ್, ಸಿಸ್ಟರ್ ವರ್ಷದಿಂದ ವರ್ಷಕ್ಕೆ ಕಡಿಮೆ. ಇರುವವರು ಪ್ರಿನ್ಸಿಪಾಲ್, ರೆಕ್ಟರ್, ಹಣಕಾಸು ಅಧಿಕಾರಿ, ಹಾಸ್ಟೆಲ್ ವಾರ್ಡನ್ ಕುರ್ಚಿಗಳಲ್ಲಿ. ವಿದ್ಯಾರ್ಥಿಗೆ ಅವರು ಕಾಣುವುದು ಸಹಿ ಬೇಕಾದಾಗ ಮತ್ತು ಕಾಲೇಜ್ ಡೇ ದಿನ. ಗೋಡೆ ಮೇಲೆ ಶಿಲುಬೆ, ಆಫೀಸಿನಲ್ಲಿ ಅಲ್ಪಸಂಖ್ಯಾತ ಪ್ರಮಾಣಪತ್ರ, ಕ್ರಿಸ್ಮಸ್‌ಗೆ ಗೋದಲಿ. ಇಷ್ಟಕ್ಕೇ ಒಂದು ಕಾಲೇಜು ಕಥೋಲಿಕ ಆಗ್ತದಾ? ಗೊತ್ತಿದ್ದವರು ವಿವರವಾಗಿ ಹೇಳಿ. ಬರೀ ಭಾವನೆ ಬೇಡ.

ಕಾನೂನು_ಕಟ್ಟೆ

ಪ್ರಮಾಣಪತ್ರವನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಯನ್ನು ಕಟ್ಟುವ ಮತ್ತು ನಡೆಸುವ ಹಕ್ಕು ಎರಡನ್ನೂ ಕೊಡುತ್ತದೆ. 1974ರಲ್ಲಿ ಅಹಮದಾಬಾದ್ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಆಡಳಿತ ಮಂಡಳಿಯೊಳಗೆ ವಿಶ್ವವಿದ್ಯಾಲಯದ ಕಡೆಯವರನ್ನು ಕೂರಿಸುವ ಗುಜರಾತ್ ಕಾನೂನು ಅಲ್ಪಸಂಖ್ಯಾತ ಕಾಲೇಜುಗಳಿಗೆ ಅನ್ವಯಿಸದು ಎಂದಿತು. ಆ ತೀರ್ಪಿಲ್ಲದಿದ್ದರೆ ಇವತ್ತು ಈ ಚರ್ಚೆಗೆ ಜಾಗವೇ ಇರುತ್ತಿರಲಿಲ್ಲ.

ಪ್ರಮಾಣಪತ್ರ ಕೊಡುವುದು ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗ, 2004ರ ಕಾಯ್ದೆಯಡಿ. ಅವರು ಮುಖ್ಯವಾಗಿ ನೋಡುವುದು: ನಡೆಸುತ್ತಿರುವ ಸೊಸೈಟಿ ಅಥವಾ ಟ್ರಸ್ಟಿನಲ್ಲಿ ಯಾರಿದ್ದಾರೆ, ಮತ್ತು ಉದ್ದೇಶಗಳ ಪಟ್ಟಿಯಲ್ಲಿ ಸಮುದಾಯದ ಹಿತ ಸ್ಪಷ್ಟವಾಗಿ ಬರೆದಿದೆಯೇ. ಎಡವುವುದು ಇಲ್ಲೇ. ಹಳೆಯ ಸೊಸೈಟಿಗಳು ಬೈಲಾ ತಿದ್ದುವಾಗ ‘ಎಲ್ಲ ಸಮುದಾಯಗಳ ಶಿಕ್ಷಣಕ್ಕಾಗಿ’ ಎಂದಷ್ಟೇ ಬರೆದು ಮೂಲ ವಾಕ್ಯ ತೆಗೆದುಬಿಡುತ್ತವೆ. ಕಾಯ್ದೆಯ 12ಸಿ ಪ್ರಕಾರ, ಅಲ್ಪಸಂಖ್ಯಾತ ಸ್ವರೂಪ ತೋರದಂತೆ ಉದ್ದೇಶ ತಿದ್ದಿದರೆ ಪ್ರಮಾಣಪತ್ರ ರದ್ದು ಮಾಡಬಹುದು. ನಿಯಮದಂತೆ ಸಮುದಾಯದ ಮಕ್ಕಳನ್ನು ಸೇರಿಸಿಕೊಳ್ಳದಿದ್ದರೂ ರದ್ದಾಗಬಹುದು. ಹಾಗಾಗಿ ಬೈಲಾ ಮುಟ್ಟುವ ಮೊದಲು ವಕೀಲರಿಗೆ ತೋರಿಸಿ. ಎರಡು ಉದ್ದೇಶಗಳನ್ನೂ ಪಕ್ಕಪಕ್ಕ ಬರೆಯಲು ಯಾವ ಅಡ್ಡಿಯೂ ಇಲ್ಲ.

ಬೆಂದೂರು_ಬಾಲ

+1. ಪ್ರಮಾಣಪತ್ರ ಹೋದರೆ ಗುರುತಿನ ಚರ್ಚೆ ಮಾಡ್ಲಿಕ್ಕೆ ಕಾಲೇಜೇ ನಮ್ಮ ಕೈಯಲ್ಲಿ ಇರುವುದಿಲ್ಲ ಮಾರಾಯ್ರೆ.

ಕಂಟೋನ್ಮೆಂಟ್_ಸಂಜೆ

ಸಮುದಾಯದ ಮಕ್ಕಳನ್ನು ಸೇರಿಸಿಕೊಳ್ಳಿ ಅಂತ ಹೇಳೋದು ಸುಲಭ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87. ಅದರಲ್ಲಿ ಪ್ರೊಟೆಸ್ಟೆಂಟರೂ ಸೇರಿದ್ದಾರೆ. ದಕ್ಷಿಣ ಕನ್ನಡದಲ್ಲಿ ಶೇ 8ರ ಆಸುಪಾಸು, ಸರಿ. ಉಳಿದ ಜಿಲ್ಲೆಗಳಲ್ಲಿ ಕಾಲೇಜು ಅರ್ಧ ಸೀಟು ಕ್ರೈಸ್ತರಿಗೆ ಅಂತ ಇಟ್ಟರೆ ಖಾಲಿ ಬೆಂಚು ಉಳಿಯುತ್ತೆ. ಅಲ್ಪಸಂಖ್ಯಾತ ಕಾಲೇಜು ತನ್ನ ಸಮುದಾಯಕ್ಕೆ ಶೇ 50ರವರೆಗೆ ಸೀಟು ಇಡಬಹುದು ಅನ್ನೋ 1992ರ ಸೇಂಟ್ ಸ್ಟೀಫನ್ಸ್ ತೀರ್ಪಿನ ಲೆಕ್ಕ ಇಲ್ಲಿ ಬರೀ ಕಾಗದದ ಮೇಲೆ.

ಕಾನೂನು_ಕಟ್ಟೆ

@ಕಂಟೋನ್ಮೆಂಟ್_ಸಂಜೆ ಆ ಶೇ 50 ಮಿತಿ ಈಗಿಲ್ಲ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಎಲ್ಲೆಡೆಗೂ ಒಂದೇ ಪ್ರಮಾಣ ಸಲ್ಲದು, ಸಂಸ್ಥೆಯ ಬಗೆ ಮತ್ತು ಆ ಪ್ರದೇಶದ ಅಗತ್ಯ ನೋಡಿ ರಾಜ್ಯ ಸರ್ಕಾರ ನಿಗದಿ ಮಾಡಲಿ ಎಂದಿದೆ. ಆದರೆ ಅನುದಾನ ಪಡೆಯುವ ಕಾಲೇಜು 29(2)ನೇ ವಿಧಿಯನ್ನೂ ಗಮನದಲ್ಲಿ ಇಡಬೇಕು. ಧರ್ಮದ ಕಾರಣಕ್ಕೇ ಇನ್ನೊಬ್ಬರಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಹಾಗಾಗಿ ಬೇರೆಯವರೂ ಇರುತ್ತಾರೆ, ಇರಲೇಬೇಕು. 1958ರ ಕೇರಳ ಶಿಕ್ಷಣ ಮಸೂದೆ ಅಭಿಪ್ರಾಯದಿಂದಲೂ ನ್ಯಾಯಾಲಯದ ನಿಲುವು ಇದೇ.

ಚಾಮುಂಡಿ_ತಪ್ಪಲು

ಯಾವ ಕ್ರೈಸ್ತ ಮಕ್ಕಳು ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಎತ್ತಲಿಲ್ಲ. 93ನೇ ತಿದ್ದುಪಡಿಯಿಂದ ಬಂದ 15(5)ನೇ ವಿಧಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಮೀಸಲಾತಿಯಿಂದ ಹೊರಗಿಟ್ಟಿದೆ. ಇತ್ತ ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದ ಕಾರಣ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಇವರನ್ನು ಬಿಟ್ಟರು. ಹೊರಗಿನ ಪರಿಶಿಷ್ಟ ಜಾತಿ ಮೀಸಲಾತಿ ಇವರಿಗೆ ಸಿಗದು. ಒಳಗಿನ ಕ್ರೈಸ್ತ ಕೋಟಾ ಮಾತ್ರ ಅಂಕಪಟ್ಟಿ ನೋಡಿ ನಗರದ, ಇಂಗ್ಲಿಷ್ ಮಾಧ್ಯಮದ, ಎರಡು ತಲೆಮಾರು ಓದಿದ ಮನೆಯ ಮಕ್ಕಳಿಗೆ ಹೋಗುತ್ತದೆ.

ಭಾರತದ ಕಥೋಲಿಕ ಬಿಷಪರ ಮಂಡಳಿ 2016ರಲ್ಲಿ ದಲಿತ ಸಬಲೀಕರಣ ನೀತಿ ಪ್ರಕಟಿಸಿತು. ಪ್ರವೇಶ ಸಮಿತಿಯ ಮೇಜಿನ ಮೇಲೆ ಆ ನೀತಿ ಇರುತ್ತದೆಯೇ? ಕ್ರೈಸ್ತ ಸೀಟುಗಳೊಳಗೇ ದಲಿತ ಕ್ರೈಸ್ತರಿಗೆ ಒಂದು ಪಾಲು ಮೊದಲೇ ತೆಗೆದಿಡಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ ಇದ್ದಾರೆ. ಜಾತಿ ಪ್ರಮಾಣಪತ್ರವೇ ಸಾಕು, ಬೇರೆ ಪುರಾವೆ ಬೇಡ. ಕಥೋಲಿಕ ಗುರುತು ನನಗೆ ಕಾಣಬೇಕಾದ ಮೊದಲ ಜಾಗ ಇದು.

ಬೆಂದೂರು_ಬಾಲ

ಎಲ್ಲದಕ್ಕೂ ಜಾತಿ ತರಬೇಡಿ. ಬಡತನ ನೋಡಿ ಕೊಟ್ಟರೆ ಸಾಲದಾ?

ಚಾಮುಂಡಿ_ತಪ್ಪಲು

@ಬೆಂದೂರು_ಬಾಲ ಸಾಲದು. ಕೆಲವು ಊರುಗಳಲ್ಲಿ ಸ್ಮಶಾನವನ್ನೂ ಜಾತಿ ನೋಡಿ ಬೇರೆ ಮಾಡಿದ ಸಮುದಾಯ ನಮ್ಮದು. ಆ ಭೇದ ಆದಾಯ ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ. ಬಿಷಪರ ಮಂಡಳಿಯೇ ಆ ನೀತಿಯಲ್ಲಿ ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿದೆ. ನೀವೂ ನಾನೂ ಅಲ್ಲ ಅನ್ನುವುದರಲ್ಲಿ ಅರ್ಥವಿಲ್ಲ.

ಲೆಕ್ಕಪತ್ರ_ಲೋಬೊ

ಇಲ್ಲಿಯವರೆಗೆ ಎಲ್ಲರೂ ಕಾನೂನು ಹೇಳಿದಿರಿ. ಗುರುತು ಸೋರುವುದು ಹಣದ ಕಡೆಯಿಂದ. ಬಿಡಿಸಿ ಹೇಳ್ತೇನೆ.

ಅನುದಾನಿತ ಹುದ್ದೆಯಲ್ಲಿದ್ದ ಅಧ್ಯಾಪಕರು ನಿವೃತ್ತರಾಗ್ತಾರೆ. ಆ ಜಾಗ ತುಂಬಲು ಕಾಲೇಜು ಶಿಕ್ಷಣ ಇಲಾಖೆ ಮತ್ತು ಆರ್ಥಿಕ ಇಲಾಖೆ ಎರಡರ ಒಪ್ಪಿಗೆ ಬೇಕು. ಅದು ವರ್ಷಗಟ್ಟಲೆ ಬರುವುದಿಲ್ಲ. ಪಾಠ ನಿಲ್ಲಿಸಲಾಗದು, ಹಾಗಾಗಿ ಆಡಳಿತ ಮಂಡಳಿ ತನ್ನ ಸಂಬಳದಲ್ಲಿ ಒಬ್ಬರನ್ನು ತೆಗೆದುಕೊಳ್ತದೆ. ಆ ಸಂಬಳ ಎಲ್ಲಿಂದ? ಅನುದಾನಿತ ಬಿಎ, ಬಿಎಸ್ಸಿಯಲ್ಲಿ ಶುಲ್ಕಕ್ಕೆ ಸರ್ಕಾರದ ಮಿತಿ ಉಂಟು. ಆದ್ದರಿಂದ ಬಿಬಿಎ, ಬಿಸಿಎ, ಹೊಸ ಬಗೆಯ ಬಿಕಾಂ ತೆರೀತಾರೆ, ಎಲ್ಲ ಸ್ವಂತ ಹಣಕಾಸಿನವು. ಅಲ್ಲಿ ಶುಲ್ಕ ಜಾಸ್ತಿ. ಬರುವವರು ಕಟ್ಟಬಲ್ಲವರು. ಅವರಿಗೆ ಬೇಕಾದದ್ದು ಎಸಿ ಸಭಾಂಗಣ, ಪ್ಲೇಸ್‌ಮೆಂಟ್. ಅದಕ್ಕೆ ಮತ್ತೆ ಹಣ, ಮತ್ತೆ ಹೊಸ ಕೋರ್ಸು. ಹತ್ತು ವರ್ಷದಲ್ಲಿ ಕಾಲೇಜಿನ ತೂಕ ಪೂರ್ತಿ ಆ ಕಡೆ ವಾಲ್ತದೆ. ತತ್ವಶಾಸ್ತ್ರ, ಸಂಸ್ಕೃತ, ಕನ್ನಡ ಐಚ್ಛಿಕ, ಕೊಂಕಣಿ ಇವುಗಳಿಗೆ ವಿದ್ಯಾರ್ಥಿ ಸಂಖ್ಯೆ ಇಲ್ಲ ಅಂತ ಒಂದೊಂದೇ ಬಾಗಿಲು ಹಾಕ್ತಾರೆ. ಯಾರೂ ಕೂತು ‘ನಮ್ಮ ಗುರುತು ಬಿಡೋಣ’ ಅಂತ ನಿರ್ಣಯ ಮಾಡಿದ್ದಲ್ಲ. ಪ್ರತಿ ಹೆಜ್ಜೆಗೂ ಸರಿಯಾದ ಕಾರಣವೇ ಇತ್ತು.

ವಿಶ್ವವಿದ್ಯಾಲಯ ಆದ ಮೇಲೆ ಪಠ್ಯ, ಪರೀಕ್ಷೆ, ಪದವಿ ಎಲ್ಲ ಸ್ವಂತ ಕೈಗೆ ಬಂತು, ಅದು ದೊಡ್ಡ ಲಾಭ. ಆದರೆ ಪರೀಕ್ಷಾ ವಿಭಾಗ, ಸಂಶೋಧನಾ ಪ್ರಯೋಗಾಲಯ, ಪಿಎಚ್‌ಡಿ ಮಾರ್ಗದರ್ಶಕರ ಖರ್ಚೂ ಬಂತು. ಶುಲ್ಕದ ಒತ್ತಡ ಇನ್ನೂ ಹೆಚ್ಚು.

ನೇತ್ರಾವತಿ_ದಡ

ಇದನ್ನೇ ಕೇಳ್ಬೇಕು ಅಂತಿದ್ದೆ. ಹಾಗಾದರೆ ಈ ಸರಪಳಿ ಎಲ್ಲಿ ಕಡಿಯಬಹುದು?

ಲೆಕ್ಕಪತ್ರ_ಲೋಬೊ

ಒಂದೇ ಜಾಗ: ಸ್ವಂತ ಹಣಕಾಸಿನ ಕೋರ್ಸಿನ ಹೆಚ್ಚುವರಿಯಲ್ಲಿ ಇಂತಿಷ್ಟು ಪಾಲು ಶುಲ್ಕ ವಿನಾಯಿತಿಗೆ ಅಂತ ಬಜೆಟ್ ಮಾಡುವಾಗಲೇ ತೆಗೆದಿಡಬೇಕು. ವರ್ಷದ ಕೊನೆಗೆ ‘ಉಳಿದದ್ದರಲ್ಲಿ ಕೊಡ್ತೇವೆ’ ಅಂದರೆ ಏನೂ ಉಳಿಯುವುದಿಲ್ಲ, ಕಟ್ಟಡ ನುಂಗ್ತದೆ. ವಿನಾಯಿತಿ ವಿಷಯ ಪ್ರವೇಶದ ಅರ್ಜಿಯಲ್ಲೇ ಮುದ್ರಿಸಬೇಕು. ಶುಲ್ಕ ಕೇಳಿ ಹೆದರಿ ಅರ್ಜಿಯನ್ನೇ ಹಾಕದ ಮನೆಗಳು ಬೇಕಾದಷ್ಟು.

ಕಾನೂನು_ಕಟ್ಟೆ

ಉಚಿತ ಸೀಟಿನ ವಿಷಯದಲ್ಲಿ ಒಂದು ಎಚ್ಚರಿಕೆ. 2022ರ ಕರ್ನಾಟಕದ ಮತಾಂತರ ನಿಷೇಧ ಕಾಯ್ದೆ ‘ಆಮಿಷ’ ಎಂಬುದರ ವ್ಯಾಖ್ಯೆಯಲ್ಲೇ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ, ಕಾಲೇಜಿನ ಉಚಿತ ಶಿಕ್ಷಣವನ್ನು ಸೇರಿಸಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಆ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು, ನಿಜ. ಆದರೂ ಕಡತ ಬಿಗಿಯಾಗಿರಲಿ. ವಿನಾಯಿತಿಯ ಮಾನದಂಡ ಲಿಖಿತವಾಗಿರಬೇಕು: ಆದಾಯ, ಅಂಕ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರೇ ಎಂಬುದು. ಆಯ್ಕೆ ಮಾಡುವ ಸಮಿತಿಯಲ್ಲಿ ಬೇರೆ ಧರ್ಮದ ಅಧ್ಯಾಪಕರೂ ಇರಬೇಕು. ಚರ್ಚಿನ ದಾನದ ಹಣಕ್ಕೂ ಕಾಲೇಜಿನ ವಿನಾಯಿತಿ ನಿಧಿಗೂ ಲೆಕ್ಕ ಪ್ರತ್ಯೇಕ.

ಕ್ಯಾಂಪಸ್_ಕಾವ್ಯ

ಅಧ್ಯಾಪಕರ ವಿಷಯಕ್ಕೆ ಬನ್ನಿ. ಎರಡನೇ ಜಾನ್ ಪಾಲ್ ಪೋಪರು 1990ರ ಆಗಸ್ಟ್ 15ರಂದು ಹೊರಡಿಸಿದ ‘ಎಕ್ಸ್ ಕೋರ್ಡೆ ಎಕ್ಲೇಸಿಯೇ’ ಕಥೋಲಿಕ ವಿಶ್ವವಿದ್ಯಾಲಯಗಳ ಮೂಲ ದಾಖಲೆ. ಅದರ ನಿಯಮ 4ರಲ್ಲಿ ಕಥೋಲಿಕರಲ್ಲದ ಅಧ್ಯಾಪಕರು ಬಹುಸಂಖ್ಯಾತರಾಗಬಾರದು ಎಂದಿದೆ. ನಮ್ಮಲ್ಲಿ ಇದನ್ನು ಪಾಲಿಸುತ್ತಿರುವವರು ಯಾರು?

ಕಂಟೋನ್ಮೆಂಟ್_ಸಂಜೆ

ಪಾಲಿಸೋಕೆ ಸಾಧ್ಯವೂ ಇಲ್ಲ, ಇಲ್ಲಿ ಅದು ನ್ಯಾಯವೂ ಅಲ್ಲ. ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಅಥವಾ ಪಿಎಚ್‌ಡಿ ಇರೋ, ಸಂಖ್ಯಾಶಾಸ್ತ್ರ ಪಾಠ ಮಾಡೋ, ಕಥೋಲಿಕರೇ ಆದ ಅಭ್ಯರ್ಥಿಗಳು ಎಷ್ಟು ಜನ ಸಿಗ್ತಾರೆ? ಸಿಕ್ಕವರಲ್ಲಿ ಎಷ್ಟೋ ಜನ ಕೊಲ್ಲಿ ದೇಶಕ್ಕೋ ಐಟಿಗೋ ಹೋಗ್ತಾರೆ. ಮೂವತ್ತು ವರ್ಷ ಕಾಲೇಜಿಗಾಗಿ ದುಡಿದ ಹಿಂದೂ, ಮುಸ್ಲಿಂ ಅಧ್ಯಾಪಕರಿಗೆ ‘ನೀವು ಇದ್ದರೆ ನಮ್ಮ ಗುರುತಿಗೆ ಅಪಾಯ’ ಅನ್ನೋಕಾಗುತ್ತಾ?

ಕ್ಯಾಂಪಸ್_ಕಾವ್ಯ

ಯಾರನ್ನೂ ಹೊರಗೆ ಹಾಕಿ ಅನ್ನಲಿಲ್ಲ. ಅದೇ ನಿಯಮ 4ರ ಇನ್ನೊಂದು ಭಾಗ ಓದಿ. ನೇಮಕದ ಸಮಯದಲ್ಲೇ ಪ್ರತಿ ಅಧ್ಯಾಪಕರಿಗೂ ಆಡಳಿತ ಸಿಬ್ಬಂದಿಗೂ ಸಂಸ್ಥೆಯ ಕಥೋಲಿಕ ಸ್ವರೂಪ ಏನು, ಅದರಿಂದ ತಮ್ಮ ಮೇಲೆ ಬೀಳುವ ಹೊಣೆ ಏನು ಎಂದು ತಿಳಿಸಬೇಕು. ಕನಿಷ್ಠ ಅದನ್ನು ಗೌರವಿಸುವ ಹೊಣೆ ಎಲ್ಲರದ್ದು. ಇದಕ್ಕೆ ಜನಸಂಖ್ಯೆ ಅಡ್ಡ ಬರುವುದಿಲ್ಲ. ಇಷ್ಟಾದರೂ ಆಗ್ತದಾ? ಸಂದರ್ಶನ ಹತ್ತು ಹದಿನೈದು ನಿಮಿಷ, ನೇಮಕಪತ್ರದಲ್ಲಿ ಸಂಬಳ, ರಜೆ, ಬಾಂಡ್. ಕಾಲೇಜು ಯಾಕೆ ಇದೆ ಎಂಬ ಒಂದು ಸಾಲೂ ಇರುವುದಿಲ್ಲ.

ಹಿರಿಯ_ಓದುಗ

ಪ್ರಿನ್ಸಿಪಾಲ್ ನೇಮಕದ ಬಗ್ಗೆ ಒಂದು ಮಾತು. 2006ರ ಮಲಂಕರ ಸಿರಿಯನ್ ಕಥೋಲಿಕ ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರ್ಹತೆ ಇರುವವರಲ್ಲಿ ತನಗೆ ಬೇಕಾದವರನ್ನು ಪ್ರಿನ್ಸಿಪಾಲ್ ಮಾಡುವುದು ಅಲ್ಪಸಂಖ್ಯಾತ ಆಡಳಿತದ ಹಕ್ಕು, ಅನುದಾನ ಪಡೆದರೂ ಆ ಹಕ್ಕು ಹೋಗದು, ಸೇವಾ ಹಿರಿತನಕ್ಕೆ ಕಟ್ಟುಬೀಳಬೇಕಿಲ್ಲ ಎಂದಿದೆ. ಈ ಹಕ್ಕನ್ನು ಉಳಿಸಿಕೊಳ್ಳಲೇಬೇಕು. ಹಾಗೆಂದು ಪ್ರಿನ್ಸಿಪಾಲರು ಫಾದರೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ. ಶ್ರದ್ಧೆಯುಳ್ಳ, ತಯಾರಾದ ಶ್ರೀಸಾಮಾನ್ಯ (ಫಾದರ್, ಸಿಸ್ಟರ್ ಅಲ್ಲದ) ಕ್ರೈಸ್ತರನ್ನು ಆ ಕುರ್ಚಿಗೆ ತರಲು ಕಾಲೇಜು ನಡೆಸುವ ಸಂನ್ಯಾಸಿ ಸಭೆಗಳು ಇಷ್ಟು ಹಿಂಜರಿಯಬಾರದು. ಧರ್ಮಗುರುಗಳ ಸಂಖ್ಯೆ ಇಳಿಯುತ್ತಿರುವಾಗ ಇದ್ದವರನ್ನೆಲ್ಲ ಆಡಳಿತಕ್ಕೆ ಹಾಕಿದರೆ ತರಗತಿಗೆ ಯಾರು ಉಳಿಯುತ್ತಾರೆ? ಒಬ್ಬ ಒಳ್ಳೆಯ ಇತಿಹಾಸದ ಮೇಷ್ಟ್ರು ಫಾದರನ್ನು ಹಣಕಾಸು ಅಧಿಕಾರಿ ಮಾಡಿದರೆ ಕಾಲೇಜಿಗೆ ನಷ್ಟವೇ.

ಲೆಕ್ಕಪತ್ರ_ಲೋಬೊ

ಸಂಬಳದ ಮಾತು ಬಂದದ್ದಕ್ಕೆ ಸೇರಿಸ್ತೇನೆ. ಅನುದಾನಿತ ಹುದ್ದೆಯ ಫಾದರ್, ಸಿಸ್ಟರ್ ಸಂಬಳ ಬಡತನದ ವ್ರತದಂತೆ ಅವರ ಸಂನ್ಯಾಸಿ ಸಭೆಗೇ ಹೋಗ್ತದೆ. ಅದರ ಮೇಲೆ ಮೂಲದಲ್ಲೇ ತೆರಿಗೆ ಕಡಿತ ಆಗಬೇಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಷ್ಟೋ ಕಾಲೇಜುಗಳಲ್ಲಿ ಬಡ ಮಕ್ಕಳ ಶುಲ್ಕಕ್ಕೆ ಸದ್ದಿಲ್ಲದೆ ಹೋಗ್ತಿದ್ದದ್ದು ಇದೇ ಹಣ. ಫಾದರ್, ಸಿಸ್ಟರ್ ಕಡಿಮೆ ಆದ ಹಾಗೆ ಆ ಮೂಲವೂ ಬತ್ತುತ್ತದೆ.

ಕೊಡಿಯಾಲ_ಕಣ್ಣು

ಸ್ವಲ್ಪ ದಾರಿ ತಪ್ಪಿಸ್ತೇನೆ. ಅಲೋಶಿಯಸ್ ಚಾಪೆಲಿನ (ಕಾಲೇಜಿನ ಪ್ರಾರ್ಥನಾ ಮಂದಿರ) ಚಿತ್ರಗಳನ್ನು ನೋಡದವರು ಇದ್ದರೆ ಒಮ್ಮೆ ನೋಡಿ. ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬಿಡಿಸಿದ್ದು, ಗೋಡೆಗೂ ಮಾಡಿಗೂ. ಪ್ರವಾಸಿಗಳು ದಿನಾ ಬರ್ತಾರೆ.

ನೇತ್ರಾವತಿ_ದಡ

@ಕೊಡಿಯಾಲ_ಕಣ್ಣು ದಾರಿ ಏನೂ ತಪ್ಪಲಿಲ್ಲ. ಅಲ್ಲೇ ಓದುವ ಮಕ್ಕಳಿಗೆ ಆ ಚಿತ್ರಗಳಲ್ಲಿ ಇರುವುದು ಅಲೋಶಿಯಸ್ ಗೊನ್ಜಾಗನ ಬದುಕು ಅಂತ ಎಷ್ಟು ಜನಕ್ಕೆ ಗೊತ್ತು? ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡಿ 1591ರಲ್ಲಿ 23ರ ಪ್ರಾಯದಲ್ಲಿ ತೀರಿಕೊಂಡವ. ಮೊದಲ ವಾರದ ಓರಿಯೆಂಟೇಶನ್‌ನಲ್ಲಿ ಅರ್ಧ ಗಂಟೆ ಅಲ್ಲಿ ಕೂರಿಸಿ ಈ ಕತೆ ಹೇಳಿದರೆ ಯಾವ ಧರ್ಮದ ಮಕ್ಕಳಿಗೂ ತಟ್ಟುತ್ತದೆ.

ಕ್ಯಾಂಪಸ್_ಕಾವ್ಯ

ಕೂರಿಸುವ ಮೊದಲು 28(3)ನೇ ವಿಧಿ ನೆನಪಿರಲಿ. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆಗೆ ಹಾಜರಾಗಿ ಅನ್ನುವಂತಿಲ್ಲ. ಕತೆ ಹೇಳುವುದು ಬೋಧನೆ ಅಲ್ಲ, ಅದು ಸರಿ. ಆದರೆ ಚರ್ಚಿನ ಬಲಿಪೂಜೆಗೆ (ಮಾಸ್) ಹಾಜರಿ ತೆಗೆದರೆ ತಪ್ಪು. ಪದವಿ ವಿದ್ಯಾರ್ಥಿಗೆ 18 ತುಂಬಿದ್ದರೆ ಅವರ ಒಪ್ಪಿಗೆಯೇ ಸಾಕು. ಪಿಯು ಮಕ್ಕಳಿಗೆ ಪೋಷಕರ ಒಪ್ಪಿಗೆ ಬೇಕು. ಒಂದೇ ಕ್ಯಾಂಪಸ್ಸಿನಲ್ಲಿ ಎರಡೂ ಇರುವ ಕಡೆ ಇದನ್ನು ಮರೆತು ಒಟ್ಟಿಗೆ ಕೂರಿಸ್ತಾರೆ, ಗಲಾಟೆ ಶುರುವಾಗುವುದೇ ಅಲ್ಲಿಂದ.

ವೇಳಾಪಟ್ಟಿ ಹೀಗಿರಲಿ: ಕ್ರೈಸ್ತ ಮಕ್ಕಳಿಗೆ ಧರ್ಮಶಿಕ್ಷಣ, ಉಳಿದವರಿಗೆ ಮೌಲ್ಯ ಶಿಕ್ಷಣ, ಒಂದೇ ಅವಧಿಯಲ್ಲಿ ಬೇರೆ ಬೇರೆ ಕೋಣೆ. ಅವಧಿ ಮಧ್ಯಾಹ್ನದ ಕೊನೆಯದ್ದಾಗಬಾರದು, ಬಸ್ಸು ಹಿಡಿಯಲು ಅರ್ಧ ತರಗತಿ ಖಾಲಿ. ಪಾಠ ಮಾಡುವವರು ಅವತ್ತು ಬಿಡುವಿದ್ದ ಯಾರೋ ಒಬ್ಬರಾಗಬಾರದು. 2021ರಲ್ಲಿ ನಾಲ್ಕು ವರ್ಷದ ಪದವಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಲ್ಲಿ ಕ್ರೆಡಿಟ್ ಲೆಕ್ಕ ಎರಡು ಸಲ ಬದಲಾಯಿತು. ಅಂಥ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಕ್ರೆಡಿಟ್ ಇಲ್ಲದ ಈ ಅವಧಿಗೆ. ಸ್ವಾಯತ್ತ ಕಾಲೇಜಾದರೆ ಅದಕ್ಕೆ ಕ್ರೆಡಿಟ್ ಕೊಡಿ, ಉಳೀತದೆ.

ಬೆಂದೂರು_ಬಾಲ

ಬಿಷಪರ ಮಂಡಳಿ 2024ರಲ್ಲಿ ಹೇಳಿತಲ್ಲ, ಬೆಳಿಗ್ಗೆ ಸಂವಿಧಾನದ ಪ್ರಸ್ತಾವನೆ ಓದಿಸಿ, ಸರ್ವಧರ್ಮ ಪ್ರಾರ್ಥನಾ ಕೋಣೆ ಮಾಡಿ, ನಮ್ಮ ಆಚರಣೆ ಬೇರೆಯವರ ಮೇಲೆ ಹೇರಬೇಡಿ ಅಂತ. ಒತ್ತಡಕ್ಕೆ ಹೆದರಿ ನಾವೇ ನಮ್ಮ ಪ್ರಾರ್ಥನೆ ಬಿಟ್ಟ ಹಾಗೆ ಆಯಿತು.

ಹಿರಿಯ_ಓದುಗ

@ಬೆಂದೂರು_ಬಾಲ ಹಾಗಲ್ಲ. ಹೇರದಿರುವುದು ಹೆದರಿಕೆಯಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೇ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ವಿಶ್ವಾಸವನ್ನು ಬಲವಂತದಿಂದ ತರಲಾಗದು ಎಂದಿದೆ. ಆ ಮಾರ್ಗಸೂಚಿ ಚಾಪೆಲ್ ಮುಚ್ಚಿ ಎಂದಿಲ್ಲ.

ಬೆಂದೂರು_ಬಾಲ

ಕಾಗದದಲ್ಲಿ ಇಲ್ಲ. ಆದರೆ 2024ರಲ್ಲಿ ಅಸ್ಸಾಮಿನಲ್ಲಿ ಶಿಲುಬೆ, ಮಾತೆಯ ಪ್ರತಿಮೆ ತೆಗೆಯಿರಿ, ಫಾದರ್ ಸಿಸ್ಟರ್ ನಿಲುವಂಗಿ ಹಾಕಬಾರದು ಅಂತ ಬೆದರಿಕೆ ಬಂದ ಬೆನ್ನಿಗೇ ಇದು ಬಂತು. ಸಮಯ ನೋಡಿ.

ಚಾಮುಂಡಿ_ತಪ್ಪಲು

ಹೆದರಿಕೆಯ ಮಾತು ಬಂದರೆ ಇದನ್ನೂ ನೋಡಿ. ಜೆಸ್ವಿಟ್ ಎಂಬ ಸಂನ್ಯಾಸಿ ಸಭೆಯ ಫಾದರ್ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಬಂಧನದಲ್ಲಿರುವಾಗಲೇ ತೀರಿಕೊಂಡರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಜೆಸ್ವಿಟರದೇ ಕ್ಯಾಂಪಸ್ಸಿನ ಒಂದು ಉದ್ಯಾನಕ್ಕೆ ಅವರ ಹೆಸರಿಡಲು ಹೊರಟಾಗ ವಿರೋಧ ಎದ್ದು ಸಮಾರಂಭ ಮುಂದೂಡಿದರು. ಆದಿವಾಸಿಗಳ ಪರ ನಿಂತ ತಮ್ಮದೇ ಫಾದರ್ ಹೆಸರನ್ನು ಒಂದು ತೋಟಕ್ಕೆ ಇಡುವುದೂ ಕಷ್ಟ. ಗುರುತಿನ ನಿಜವಾದ ಪರೀಕ್ಷೆ ಇಂಥದ್ದರಲ್ಲಿ.

ಕಾನೂನು_ಕಟ್ಟೆ

ಮುಂದೂಡಿದ್ದನ್ನು ಹೇಡಿತನ ಅನ್ನಲು ನಾನು ಸಿದ್ಧನಿಲ್ಲ. ಒಳಗೆ ಸಾವಿರಾರು ಮಕ್ಕಳಿರುವಾಗ ಗೇಟಿನ ಮುಂದೆ ಘರ್ಷಣೆ ಬೇಡ ಎನ್ನುವುದೂ ಹೊಣೆಗಾರಿಕೆ.

ಚಾಮುಂಡಿ_ತಪ್ಪಲು

ಮಕ್ಕಳ ಸುರಕ್ಷೆ ಮೊದಲು, ಒಪ್ಪಿದೆ. ಹಾಗಾದರೆ ತರಗತಿಯೊಳಗೆ ಅವರ ಕೆಲಸದ ಬಗ್ಗೆ ಪಾಠ ಮಾಡಲಿ. ಅದಕ್ಕೆ ಗೇಟು, ಫಲಕ ಬೇಡ.

ಕಂಟೋನ್ಮೆಂಟ್_ಸಂಜೆ

ಅಮೆರಿಕದಲ್ಲೂ ಇದೇ ಜಗಳ. 1967ರಲ್ಲಿ ನೋಟರ್ ಡೇಮ್ ಕಥೋಲಿಕ ವಿಶ್ವವಿದ್ಯಾಲಯದ ಅಧ್ಯಕ್ಷ ಫಾದರ್ ಹೆಸ್ಬರ್ಗ್ ನೇತೃತ್ವದಲ್ಲಿ ಲ್ಯಾಂಡ್ ಓ ಲೇಕ್ಸ್ ಹೇಳಿಕೆ ಬಂತು, ಕಥೋಲಿಕ ವಿಶ್ವವಿದ್ಯಾಲಯಕ್ಕೆ ಹೊರಗಿನ ಯಾವ ಅಧಿಕಾರದಿಂದಲೂ, ಧರ್ಮಸಭೆಯದ್ದೂ ಸೇರಿ, ಸ್ವಾತಂತ್ರ್ಯ ಬೇಕು ಅಂತ. ಎಕ್ಸ್ ಕೋರ್ಡೆ ಬಂದಿದ್ದು ಅದರ ನಂತರದ ಚರ್ಚೆಯಲ್ಲೇ.

ಹಿರಿಯ_ಓದುಗ

ಅಲ್ಲಿಯ ಜಗಳ ಬೇರೆ. ಅಲ್ಲಿ ದೈವಶಾಸ್ತ್ರ ಪದವಿ ತರಗತಿಯ ವಿಷಯ, ಅದನ್ನು ಬೋಧಿಸುವವರಿಗೆ ಬಿಷಪರ ಅನುಮತಿ ಬೇಕೇ ಎಂಬುದು ಪ್ರಶ್ನೆ. ನಮ್ಮ ಪದವಿ ಕಾಲೇಜುಗಳಲ್ಲಿ ಆ ವಿಷಯವೇ ಇಲ್ಲ. ಕ್ರೈಸ್ತಧರ್ಮದ ಅಧ್ಯಯನ ವಿಭಾಗ ಇರುವುದು ಸರ್ಕಾರಿ ಮೈಸೂರು ವಿಶ್ವವಿದ್ಯಾಲಯದಲ್ಲಿ! ಮೂರು ಕಥೋಲಿಕ ವಿಶ್ವವಿದ್ಯಾಲಯಗಳು ಈಗ ತಾವೇ ಪಠ್ಯ ಬರೆಯಬಲ್ಲವು. ಎಲ್ಲ ಧರ್ಮದವರೂ ಓದಬಹುದಾದ, ಪರೀಕ್ಷೆ ಇರುವ, ಗಂಭೀರವಾದ ಧರ್ಮಾಧ್ಯಯನ ವಿಭಾಗ ಕಟ್ಟಲಿ. ಕನ್ನಡದಲ್ಲೂ ಇರಲಿ.

ನೇತ್ರಾವತಿ_ದಡ

ಇದು ಬಹಳ ಒಳ್ಳೆಯ ಮಾತು. ಕೊನೆಗೆ ಒಂದು ಕೇಳ್ತೇನೆ. ಫಾದರ್, ಸಿಸ್ಟರ್ ಸಂಖ್ಯೆ ಏರುವುದಿಲ್ಲ ಅಂತ ಇಟ್ಟುಕೊಳ್ಳಿ. ಉಳಿದ ಅಧ್ಯಾಪಕರ ತಯಾರಿಗೆ ಮೊದಲ ವರ್ಷ ಏನು ಮಾಡಬೇಕು? ಬಜೆಟ್ ದೊಡ್ಡದಿಲ್ಲ.

ಕ್ಯಾಂಪಸ್_ಕಾವ್ಯ

ದೊಡ್ಡದು ಬೇಡ. ಸೇರಿದ ಮೊದಲ ವಾರದಲ್ಲೇ ಎರಡು ಪೂರ್ತಿ ದಿನ, ರಜೆ ದಿನ ಕರೆಯಬಾರದು, ಸಂಬಳದ ದಿನಗಳಲ್ಲೇ. ಮೊದಲ ದಿನ ಕಾಲೇಜನ್ನು ಕಟ್ಟಿದವರು ಯಾರು, ಯಾಕೆ ಕಟ್ಟಿದರು, ಆಗ ಯಾರಿಗೆ ಓದಲು ಜಾಗವಿರಲಿಲ್ಲ. ಆಗ್ನೆಸ್ ಆದರೆ 1921ರಲ್ಲಿ ಕರಾವಳಿಯ ಹೆಣ್ಣುಮಕ್ಕಳಿಗೆ ಕಾಲೇಜು ಅಂದರೆ ಏನಾಗಿತ್ತು ಅಂತ. ಎರಡನೇ ದಿನ ಶುಲ್ಕ ವಿನಾಯಿತಿ, ಹಿಂದುಳಿದ ವಿದ್ಯಾರ್ಥಿಗೆ ಪರಿಹಾರ ಬೋಧನೆ, ದೂರು ಬಂದರೆ ಯಾರ ಬಳಿ ಹೋಗಬೇಕು, ಇಂಥ ನಿತ್ಯದ ಕೆಲಸ. ಉಪನ್ಯಾಸಕ್ಕೆ ಫಾದರೇ ಬೇಕಿಲ್ಲ, ಇಪ್ಪತ್ತು ವರ್ಷ ಅಲ್ಲೇ ಇರುವ ಬೇರೆ ಧರ್ಮದ ಅಧ್ಯಾಪಕರು ಹೇಳಿದರೆ ಹೊಸಬರು ಇನ್ನೂ ಚೆನ್ನಾಗಿ ಕೇಳ್ತಾರೆ.

ಆಮೇಲೆ ತಿಂಗಳಿಗೊಮ್ಮೆ ಒಂದು ಗಂಟೆ, ಎಂಟು ಹತ್ತು ಜನರ ಗುಂಪು. ಜೆಸ್ವಿಟರ ‘ಎಕ್ಸಾಮೆನ್’ (ಆತ್ಮಾವಲೋಕನದ ಪ್ರಾರ್ಥನೆ) ಅನ್ನು ಇಲ್ಲಿ ಬಳಸಬಹುದು: ಆದದ್ದಕ್ಕೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ತಿಂಗಳ ಅವಲೋಕನ, ಎಡವಿದ್ದು, ನಾಳೆ ಏನು. ದೇವರನ್ನು ನಂಬದವರೂ ಬೇಡಿಕೆಯ ಹಂತದಲ್ಲಿ ಸುಮ್ಮನೆ ಕೂತು ಉಳಿದದ್ದನ್ನು ಮಾಡಬಹುದು. ಕೆಡುವುದು ಎರಡು ಕಾರಣಕ್ಕೆ: ಇದನ್ನು ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯುವ ಮಂಡಳಿ) ಕಡತಕ್ಕೆ ಫೋಟೊ ತೆಗೆಯುವ ಕಾರ್ಯಕ್ರಮ ಮಾಡಿದರೆ, ಅಥವಾ ಅಲ್ಲಿ ಹೇಳಿದ್ದು ಪ್ರಿನ್ಸಿಪಾಲ್ ಕಿವಿಗೆ ಹೋದರೆ. ಎರಡನೆಯದು ಒಮ್ಮೆ ಆದರೂ ಸಾಕು, ಮುಂದಿನ ತಿಂಗಳಿಂದ ಯಾರೂ ಬಾಯಿ ಬಿಡುವುದಿಲ್ಲ.

ಲೆಕ್ಕಪತ್ರ_ಲೋಬೊ

ತಾತ್ಕಾಲಿಕ ಅಧ್ಯಾಪಕರನ್ನೂ ಕರೀಬೇಕು. ಹೆಚ್ಚಿನ ಪಾಠ ಅವರೇ ಮಾಡುವುದು. ಮತ್ತೆ ಅವರಿಗೆ ಬೇಸಿಗೆ ರಜೆಯ ಸಂಬಳ ಕೊಡದೆ ಸಾಮಾಜಿಕ ನ್ಯಾಯದ ಉಪನ್ಯಾಸ ಮಾಡಬೇಡಿ.

ಚಾಮುಂಡಿ_ತಪ್ಪಲು

ಇದನ್ನು ಮೇಲೆ ಪಿನ್ ಮಾಡಿ.